ಬೀಗ ಹಾಕಿದ ಕೋಣೆಯ ಮಗ್ಗಿ

ಇವತ್ತು ರಜೆ ಮಾರಾಯ್ರೆ. ಆದರೂ ನಾನು, ಝುಬೈದಾ ಟೀಚರ್ ಇಬ್ಬರೇ ಕೊಲ್ಲಮೊಗ್ರು ಕಡೆಯ ನಮ್ಮ ಶಾಲೆಯಲ್ಲಿ ಕೂತು ಹೊಸ ರಾಷ್ಟ್ರೀಯ ಪಠ್ಯಕ್ರಮಕ್ಕೆ ಪಾಠ ಯೋಜನೆ ಮಾಡ್ತಾ ಇದ್ದೆವು. ಒಂದು ಚಟುವಟಿಕೆಯಲ್ಲಿ ಮಕ್ಕಳು ಕಣ್ಣು ಮುಚ್ಚಿ ಸುತ್ತಲಿನ ಶಬ್ದ ಕೇಳಬೇಕು. ಮೊದಲು ನಾವೇ ನೋಡುವ ಅಂತ ಕಣ್ಣು ಮುಚ್ಚಿದೆವು.

ಟೀಚರ್ ಮೆಲ್ಲ ಕೇಳಿದರು, “ಮಗ್ಗಿ ಕೇಳ್ತಾ ಉಂಟಾ?”

ಕೇಳ್ತಾ ಇತ್ತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾದ ಮೇಲೆ ಬೀಗ ಹಾಕಿಟ್ಟಿದ್ದ ಪಕ್ಕದ ಕೋಣೆಯಿಂದ, ಮಕ್ಕಳು ಒಟ್ಟಿಗೆ ಹೇಳುವ ಹಾಗೆ. ಬೀಗ ತೆಗೆದು ಬಾಗಿಲು ದೂಡಿದೆ. ಯಾರಾದರೂ ಟೀಚರ್ ಒಳಗೆ ಬಂದಾಗ ತರಗತಿ ಸುಮ್ಮನಾಗುತ್ತದಲ್ಲ, ಹಾಗೆ ಮಗ್ಗಿ ನಿಂತಿತು. ಬೆಂಚುಗಳ ಮೇಲೆ ಧೂಳು ಬಿಟ್ಟರೆ ಎಂತದೂ ಇಲ್ಲ.

ಬಾಗಿಲು ಹಾಕಿದ್ದೇ, ಬಿಟ್ಟಲ್ಲಿಂದ ಮುಂದುವರಿಯಿತು.

ಗೇಟಿನ ಹೊರಗೆ ಬಂದ ಮೇಲೆ ಟೀಚರ್ ಹೇಳಿದರು, “ಬಾಯಿಪಾಠ ಕಡಿಮೆ ಮಾಡ್ಬೇಕು ಅಂತ ಹೊಸ ಪಠ್ಯಕ್ರಮದಲ್ಲಿ ಉಂಟು. ಆ ಕ್ಲಾಸಿಗೆ ಯಾರು ಹೋಗಿ ಹೇಳುದು?”