ಅಣ್ಣ ತಮ್ಮಂದಿರ ಬಾಣಂತನ

ನಮ್ಮ ಯಜಮಾನರಿಗೆ ನಲವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂದಿತ್ತು. ಎಂಬತ್ತರ ದಶಕದ ಆ ದಿನಗಳಲ್ಲಿ ನಾವು ಮಾಲೂರಿನಲ್ಲಿದ್ದೆವು. ಅವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ, ಬಚ್ಚಲಿಗೆ ಹೋದವರು ಹೊರಗೆ ಬರುವುದು ತಡವಾಗತೊಡಗಿತು. ಬಂದಾಗ ಮುಖ ಹುಳ್ಳಗಾಗಿರುತ್ತಿತ್ತು. ಕೇಳಿದರೆ "ಉಷ್ಣ ಕಣೇ" ಎನ್ನುತ್ತಿದ್ದರು. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜ ಎಲ್ಲ ಆಯಿತು. ಕೊನೆಗೆ ಒಂದು ಭಾನುವಾರ ಗೋಡೆ ನೋಡುತ್ತ ಬಾಯಿಬಿಟ್ಟರು. ಮುಂದೊಗಲು ಬಿರುಕುಬಿಟ್ಟು ಬಿಗಿದುಕೊಂಡಿತ್ತು. ಹಿಂದಕ್ಕೆ ಸರಿಯುತ್ತಲೇ ಇರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಇದನ್ನು ಹೇಳಲು ಅವರಿಗೆ ಅರ್ಧ ಬೇಸಿಗೆ ಬೇಕಾಯಿತು.

ಕೋಲಾರದ ಡಾಕ್ಟರು ನೋಡಿ, "ಸಕ್ಕರೆ ಇರೋರಿಗೆ ಹೀಗಾಗೋದುಂಟು. ಚರ್ಮ ತೆಗೆದುಬಿಡೋಣ" ಎಂದರು.

ಇವರು ತಗ್ಗಿದ ದನಿಯಲ್ಲಿ, "ಮುಸಲ್ಮಾನರು ಮಕ್ಕಳಿಗೆ ಮಾಡಿಸ್ತಾರಲ್ಲ, ಅದಾ?" ಎಂದು ಕೇಳಿದರು.

"ಅದೇ. ನೀವು ಸ್ವಲ್ಪ ಲೇಟಾಗಿ ಬಂದ್ರಿ ಅಷ್ಟೆ."

ಸಕ್ಕರೆ ಹತೋಟಿಗೆ ಬಂದ ಮೇಲೆ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು. ಕಳಿಸುವಾಗ ಡಾಕ್ಟರು ನನ್ನನ್ನು ಕರೆದು ಹೇಳಿದರು: ಪಟ್ಟಿ ಅಂಟಿಕೊಂಡಿದ್ದರೆ ಕೀಳಬಾರದು, ಕುದಿಸಿ ಆರಿಸಿದ ಉಪ್ಪುನೀರಲ್ಲಿ ನೆನೆಸಿ ಬಿಡಿಸಬೇಕು. ಹೊಲಿಗೆ ತಾನೇ ಕರಗುತ್ತದೆ. ಊದಿಕೊಂಡರೆ ಹೆದರಬೇಡಿ, ಕೀವಾದರೆ, ಜ್ವರ ಬಂದರೆ ಕೂಡಲೇ ಬನ್ನಿ. ಕೊನೆಯ ಮಾತನ್ನು ಮೇಜಿನ ಮೇಲಿನ ಪೆನ್ನು ನೋಡುತ್ತ ಹೇಳಿದರು: "ಗಾಯ ಪೂರ್ತಿ ಮಾಯೋವರೆಗೂ ಬೇರೆ ಬೇರೆ ಮಲಗಿ."

ಮಕ್ಕಳು ರಜಕ್ಕೆ ಮುಳಬಾಗಿಲಿನ ನನ್ನ ತವರಿಗೆ ಹೋಗಿದ್ದರು. ಮನೆಯಲ್ಲಿ ಇದ್ದವರು ನಮ್ಮತ್ತೆ ಒಬ್ಬರೇ. ಅವರಿಗೆ ಹೇಳಲು ಇವರು ಸುತರಾಂ ಒಪ್ಪಲಿಲ್ಲ. ಪಂಚೆಯನ್ನು ಎರಡು ಬೆರಳಲ್ಲಿ ಮುಂದಕ್ಕೆ ಎತ್ತಿ ಹಿಡಿದು, ಕಾಲಗಲಿಸಿ ಒಳಗೆ ಬಂದವರೇ "ಸೊಂಟ ಹಿಡ್ಕೊಂಡಿದೆ" ಅಂದುಬಿಟ್ಟರು. ಅತ್ತೆ ತಕ್ಷಣ ಹರಳೆಣ್ಣೆ ಬಿಸಿ ಮಾಡಿ ತಂದು, "ಬೋರಲಾಗಿ ಮಲ್ಕೋ ನಾಯನಾ, ತಿಕ್ತೀನಿ" ಎಂದರು. ಬೋರಲು ಎಂಬ ಮಾತು ಕೇಳಿಯೇ ಇವರಿಗೆ ಬೆವರು ಬಂತು. ಡಾಕ್ಟರು ಎಣ್ಣೆ ಬೇಡ ಅಂದಿದ್ದಾರೆ ಎಂದು ನಾನು ಬಟ್ಟಲನ್ನು ಇಸಿದುಕೊಂಡೆ.

ಹೊದಿಕೆ ತಾಗಿದರೂ ಇವರಿಗೆ ಜೀವ ಹೋದಂತಾಗುತ್ತಿತ್ತು. ಅದಕ್ಕೆ ತರಕಾರಿ ಮಂಕರಿಯನ್ನು ಸೊಂಟದ ಮೇಲೆ ಕವುಚಿ, ಅದರ ಮೇಲೆ ದುಪ್ಪಟಿ ಹೊದಿಸಿದೆ. ಮಂಕರಿ ಕಾಣದೆ ಅತ್ತೆ ಹಿತ್ತಲೆಲ್ಲ ಹುಡುಕಿದರು. ದಿನಕ್ಕೆರಡು ಸಲ ನಾನು ಬೋಗುಣಿಯಲ್ಲಿ ಉಗುರುಬೆಚ್ಚನೆ ನೀರು ಹಿಡಿದು ಒಳಗೆ ಹೋಗಿ ಚಿಲಕ ಹಾಕುತ್ತಿದ್ದೆ. ಒಳಗಿನಿಂದ "ಅಯ್ಯೋ, ಮೆಲ್ಲಗೆ, ಸಾಕು ಬಿಡೇ" ಎಂಬ ನರಳಾಟ. ಆಮೇಲೆ ನಾನು ಚಾಪೆ ತಂದು ನಡುಮನೆಯಲ್ಲಿ ಮಲಗುತ್ತಿದ್ದೆ.

ಇದನ್ನೆಲ್ಲ ಕೂಡಿಸಿ ನೋಡಿದ ಅತ್ತೆಗೆ ತಿಳಿದದ್ದು ಒಂದೇ: ಸೊಸೆ ಮಗನನ್ನು ಹೊಡೆಯುತ್ತಿದ್ದಾಳೆ. ನನ್ನನ್ನು ಏನೂ ಕೇಳಲಿಲ್ಲ. ಶ್ರೀನಿವಾಸಪುರದ ಕಡೆ ಹೋಗುತ್ತಿದ್ದ ಯಾರ ಕೈಯಲ್ಲೋ ಹಿರಿಯ ಮಗನಿಗೆ ಹೇಳಿಕಳಿಸಿದರು.

ಭಾವನವರು ಮಾವಿನ ತೋಟದವರು, ಮಾತು ಕಡಿಮೆ. ಒಂದು ಚೀಲ ಹಣ್ಣು ಹೊತ್ತು ಬಂದು, ನಡುಮನೆಯಲ್ಲಿ ಕೂತು, ನನ್ನನ್ನು ಕರೆದರು.

"ನೋಡಮ್ಮ, ಗಂಡ ಹೆಂಡ್ರು ಅಂದ್ಮೇಲೆ ಮಾತು ಬರ್ತದೆ, ಹೋಗ್ತದೆ. ಕೈ ಮಾಡೋದು ಮಾತ್ರ ಬೇಡ."

ನಾನು ಸೆರಗು ಬಾಯಿಗೆ ಒತ್ತಿ ತಲೆ ತಗ್ಗಿಸಿದೆ. ಭುಜ ಕುಲುಕುತ್ತಿದ್ದುದನ್ನು ನೋಡಿ ಅವರು ಅಳುತ್ತಿದ್ದೇನೆಂದುಕೊಂಡರು. "ಅಳಬೇಡಮ್ಮ. ತಪ್ಪು ಅವನದೇ ಇರಬೌದು" ಎಂದರು.

ರೂಮಿನೊಳಗಿಂದ ಇವರ ದನಿ ಬಂತು. "ಅಣ್ಣ, ಜಗಳ ಗಿಗಳ ಏನಿಲ್ಲ. ಆಪರೇಷನ್ ಆಗಿದೆ."

"ಎಲ್ಲಿಗೋ?" ಅಂದರು ಅತ್ತೆ.

ಒಳಗೆ ಮಂಕರಿ ಸರಿದ ಸದ್ದಾಯಿತು. ಆಮೇಲೆ, "ಉಚ್ಚೆ ಹೊಯ್ಯೋ ಜಾಗಕ್ಕೆ."

ಅತ್ತೆ ಎದ್ದು ಹೋಗಿ ಬಾಗಿಲಲ್ಲಿ ನಿಂತರು. "ಅದಕ್ಕೆ ಇಷ್ಟು ನಾಟಕವಾ ನಾಯನಾ? ನಿನ್ನ ಹೆತ್ತು, ತೊಳೆದು, ಬಳಿದೋಳು ನಾನು. ಅಲ್ಲಿ ನಾನು ಕಾಣದ್ದು ಏನದೆ?" ಎಂದವರೇ ನನ್ನ ಕಡೆ ತಿರುಗಿ, "ಬದನೇಕಾಯಿ ಹಾಕಿದ್ದೀಯ ಸಾರಿಗೆ? ನಂಜು ಅದು, ತೆಗಿ" ಎಂದರು. ಅಲ್ಲಿಂದ ಅಡಿಗೆಮನೆ ಅವರ ವಶವಾಯಿತು.

ಭಾವನವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ತಮ್ಮನ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಬಹಳ ಹೊತ್ತು ಪಿಸುಮಾತು ನಡೆಯಿತು. ಆಸ್ತಿ ಪಾಲಾದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಪಟ್ಟಿ ನೆನೆಸುವಾಗ ಇವರು ಹೇಳಿದರು:

"ಅಣ್ಣಂಗೂ ಅದೇ ಅಂತೆ."

"ಏನು?"

"ಅದೇ ಕಣೇ. ಹೋದ ವರ್ಷದಿಂದ್ಲೂ. ಅತ್ತಿಗೆಗೂ ಹೇಳಿಲ್ವಂತೆ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ಶುರುಮಾಡಿದರು, ತಕ್ಷಣ ಮುಖ ಕಿವಿಚಿ, "ನಗಿಸಬೇಡ್ವೇ, ಹೊಲಿಗೆ ಎಳೀತದೆ" ಎಂದರು.

ಕೋಲಾರದಲ್ಲಿ ಪರೀಕ್ಷೆ ಮಾಡಿದಾಗ ಭಾವನವರಿಗೂ ಸಕ್ಕರೆ ಇರುವುದು ಗೊತ್ತಾಯಿತು. ನೂರಾರು ಮರಗಳ ಒಡೆಯನಿಗೆ ಮಾವಿನಹಣ್ಣು ಬೇಡವೆಂದರು. ಆಪರೇಷನ್ನಿಗಿಂತ ಅವರು ಆ ಮಾತಿಗೇ ಹೆಚ್ಚು ಕುಗ್ಗಿದ್ದರು. ಗುಳಿಗೆ, ಪಥ್ಯದಲ್ಲಿ ಸಕ್ಕರೆ ಇಳಿದ ಮೇಲೆ ಅವರಿಗೂ ಆಯಿತು. ಊರಲ್ಲಿ ಸುದ್ದಿಯಾಗುವುದು ಬೇಡವೆಂದು ನಮ್ಮ ಮನೆಗೇ ಬಂದು ಮಲಗಿದರು. ಜೊತೆಗೆ ಅಕ್ಕನೂ ಬಂದರು, ಅವರ ಹೆಂಡತಿ. ಅಷ್ಟು ಹೊತ್ತಿಗೆ ಇವರ ಗಾಯ ಒಣಗಿ, ಹೊಲಿಗೆಯ ಎಳೆಗಳು ಉದುರಿ, ರೈಲು ಹತ್ತತೊಡಗಿದ್ದರು. ಹೀಗಾಗಿ ಅಣ್ಣನ ಮುಂದೆ ಭಾರಿ ಅನುಭವಸ್ಥ. ಆಫೀಸಿಂದ ಬಂದವರೇ ಜಗುಲಿಯಲ್ಲಿ ಕೂತು, "ಮೂರನೇ ದಿನ ಊತ ಜಾಸ್ತಿ ಆಗ್ತದೆ, ಗಾಬರಿ ಬೀಳಬೇಡ. ಹಳದಿ ಪೊರೆ ಬಂದ್ರೆ ಉಜ್ಜಬೇಡ" ಎಂದು ಪಾಠ ಹೇಳುತ್ತಿದ್ದರು. ಸಾಲದ್ದಕ್ಕೆ, "ಬೆಳಗಿನ ಜಾವ ಎಚ್ಚರವಾದ್ರೆ ಎದ್ದು ಓಡಾಡಿಬಿಡು" ಎಂದು ದನಿ ತಗ್ಗಿಸುತ್ತಿದ್ದರು. ಅಣ್ಣ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಪಟ್ಟಿ ಬಿಡಿಸುವುದನ್ನು ನಾನು ಅಕ್ಕನಿಗೆ ಹೇಳಿಕೊಟ್ಟೆ. ಮೊದಲ ದಿನ ಅವರು ರೂಮಿಂದ ಬಂದವರೇ ನೀರಿನ ಬೋಗುಣಿ ಕೆಳಗಿಟ್ಟು, ಗೋಡೆಗೊರಗಿ, "ಹಾವು ಹೊಡೆಯೋ ಗಂಡಸು ಕಣಮ್ಮ ಇವರು. ಪಟ್ಟಿ ಮುಟ್ಟಿದ್ರೆ ಅವರಮ್ಮನ್ನ ಕರೀತಾರೆ" ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ನನ್ನ ಹತ್ತಿರ ಹಾಗೆ ಮನಸ್ಸು ಬಿಚ್ಚಿ ನಕ್ಕಿದ್ದು ಅದೇ ಮೊದಲು.

ಊರಿಗೆ ಹೊರಟ ದಿನ ಭಾವನವರನ್ನೂ ಅಕ್ಕನನ್ನೂ ಬಸ್ಸು ಹತ್ತಿಸಿ ಬಂದೆವು. ಕಂಡಕ್ಟರು ಹಿರಿಯರೆಂದು ಸೀಟು ಬಿಡಿಸಿಕೊಟ್ಟರೂ, ಆ ರಸ್ತೆಯ ಗುಂಡಿಗಳನ್ನು ನೆನೆದು, ಶ್ರೀನಿವಾಸಪುರದವರೆಗೂ ಭಾವನವರು ನಿಂತೇ ಹೋದರಂತೆ.