ಪ್ರಿಂಟ್ ಸಾಲು ತೆಗೆದ ವಾರ

ಹಲಸೂರಿನ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ ಇತ್ತು. ಪತ್ರಿಕೆಯ ಡೆಸ್ಕ್ ಬಿಟ್ಟ ಮೇಲೆ ಕೈಪಿಡಿ ಬರೆಯುವ ಕೆಲಸಕ್ಕೆ ಅಲ್ಲಿ ಸೇರಿದ್ದೆ. ಉಳಿದವರು ಕರ್ನಲ್ ಬರೆಯುತ್ತಿದ್ದರು. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಪಕ್ಕ ಇಡುವ ಮಾನಿಟರನ್ನು ಒಳಗಿನಿಂದ ನಡೆಸುವ ತಂತ್ರಾಂಶ ಅದು. ಮಾನಿಟರಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಹಲವು ಪ್ರೊಸೆಸರ್‌ಗಳಿರುತ್ತವೆ. ಯಾವ ಕೆಲಸ ಯಾವುದಕ್ಕೆ ಹೋಗಬೇಕೆಂದು ಹಂಚುವ ಭಾಗಕ್ಕೆ ಶೆಡ್ಯೂಲರ್ ಎನ್ನುತ್ತಾರೆ.

ಅದನ್ನು ಬರೆದವಳು ರಾಯಚೂರು ಕಡೆಯ ಇಂಜಿನಿಯರ್. ಕೆ.ಆರ್. ಪುರದಲ್ಲಿ ಅಣ್ಣ ಅತ್ತಿಗೆಯ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಹಳೆಯ ಚಿಪ್ಪಿಗೂ ಹೊಸದಕ್ಕೂ ಒಂದೇ ಕೋಡ್ ಇರಬೇಕು ಎಂಬುದು ಆಕೆಯ ಹಟ. ವರ್ಷವಿಡೀ ಅದಕ್ಕಾಗಿಯೇ ದುಡಿದಿದ್ದಳು.

ಹಳೆಯ ಚಿಪ್ಪಿನಲ್ಲಿ ಎಲ್ಲವೂ ಸರಿಯಿತ್ತು. ಹೊಸದು ಬಂದ ಮೇಲೆ ಪರೀಕ್ಷೆಯಲ್ಲಿ ಒಮ್ಮೊಮ್ಮೆ ಅಲಾರಂ ಬಾರಿಸುತ್ತಿರಲಿಲ್ಲ. ಏನಾಗುತ್ತಿದೆ ನೋಡೋಣವೆಂದು ಆಕೆಯ ಪಕ್ಕದ ಮೇಜಿನ ಗೆಳೆಯ ಕೋಡಿನ ನಡುವೆ ಒಂದು ಪ್ರಿಂಟ್ ಸಾಲು, ಅಂದರೆ ಕೋಡ್ ಅಲ್ಲಿಗೆ ಬಂದಾಗ ತೆರೆಯ ಮೇಲೆ ಒಂದು ಮಾತು ಮೂಡಿಸುವ ಸಾಲು, ಹಾಕಿದ. ಅಲ್ಲಿಂದ ಅಲಾರಂ ತಪ್ಪಲೇ ಇಲ್ಲ. ಸಾಲು ತೆಗೆದರೆ ಮತ್ತೆ ತಪ್ಪುತ್ತಿತ್ತು. ಕಾರಣ ಗೊತ್ತಿಲ್ಲ, ಇದನ್ನು ಮುಟ್ಟಬೇಡಿ ಎಂದು ಅದರ ಪಕ್ಕ ಬರೆದಿಟ್ಟ. ವಾರಗಟ್ಟಲೆ ಯಾರೂ ಮುಟ್ಟಲಿಲ್ಲ.

ಕೊನೆಗೆ ತಂಡದ ಹಿರಿಯರು ಗಡುವು ಹಾಕಿದರು. ಕಾಕ್ಸ್ ಟೌನಿನವರು, ಮೆಲುದನಿಯ ಮನುಷ್ಯ.

"ಶುಕ್ರವಾರದೊಳಗೆ ಕಾರಣ ಸಿಗ್ಬೇಕಮ್ಮಾ. ಇಲ್ಲಾಂದ್ರೆ ಹೊಸ ಚಿಪ್ಪಿಗೆ ಕೋಡಿನ ಬೇರೆ ಕಾಪಿ ಮಾಡ್ಬಿಡೋಣ. ನಾನು ಆಗ್ಲೇ ಶುರು ಮಾಡಿದೀನಿ."

"ಕಾಪಿ ಮಾಡಿದ್ರ ಒಂದ್ರಾಗ ತಿದ್ದಿದ್ದು ಇನ್ನೊಂದ್ರಾಗ ಮರೀತೀವ್ರಿ ಸರ್."

"ಪ್ರಿಂಟ್ ಇದ್ರೆ ಓಡ್ತಿದೆಯಲ್ಲ ತಾಯೀ, ಹಂಗೇ ಬಿಡು" ಎಂದ ಗೆಳೆಯ.

"ನಿಮ್ಮ ಮನ್ಯಾಗಿನವ್ರ ಹಾಸಿಗಿ ಪಕ್ಕ ಇಡ್ತೀಯೇನು ಇದನ್ನ?"



ದೋಷ ಸಿಗದಿದ್ದಾಗ ಲ್ಯಾಪ್‌ಟಾಪ್ ಮುಚ್ಚಿ, ಟೆರೇಸಿಗೆ ಹೋಗಿ ಕೋಡನ್ನು ನಾಟಕದಂತೆ ಆಡಿ ನೋಡುವುದು ಆ ತಂಡದ ರೂಢಿ. ಒಬ್ಬೊಬ್ಬರು ಒಂದೊಂದು ಪ್ರೊಸೆಸರ್. ನನಗೆ ಯಾವಾಗಲೂ ಮೆಮೊರಿಯ ಪಾತ್ರ: ಒಬ್ಬರು ಕೊಟ್ಟ ಚೀಟಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ಈ ದೋಷವನ್ನೂ ಹಿಂದೆ ಆಡಿದ್ದೆವು. ಏನೂ ಸಿಕ್ಕಿರಲಿಲ್ಲ.

ಬುಧವಾರ ಬೆಳಿಗ್ಗೆ ಆಕೆ ಮತ್ತೆ ಎಲ್ಲರನ್ನೂ ಮೇಲೆ ಕರೆದಳು. ಗೆಳೆಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತ. ಅವನು ಕೆಲಸವಿಲ್ಲದೆ ಮಲಗಿದ ಪ್ರೊಸೆಸರ್. ಅವನ ಮುಂದೆ ಖಾಲಿ ತಟ್ಟೆ. ಆಕೆ ನನಗೆ ಎರಡು ಚೀಟಿ ಕೊಟ್ಟಳು. "ಅಲಾರಂ ಬಾರಿಸು" ಎಂಬುದು ತಟ್ಟೆಗೆ. "ಏಳು, ಕೆಲಸ ಬಂದಿದೆ" ಎಂಬುದು ಅವನ ಕೈಗೆ.

"ಅಕ್ಕಾರ, ಈ ಸಲ ನಿಮಗ ಯಾವುದು ಬೇಕೋ ಅದನ್ನ ಮೊದಲು ಒಯ್ರಿ."

ನಾನು ಎರಡನೆಯದನ್ನು ಮೊದಲು ಒಯ್ದೆ. ಗೆಳೆಯ ಎದ್ದು ತಟ್ಟೆ ನೋಡಿದ. "ಏನೂ ಇಲ್ವಲ್ಲ" ಎಂದು ಮತ್ತೆ ಕಣ್ಣು ಮುಚ್ಚಿದ. ಆಮೇಲೆ ನಾನು ಅಲಾರಂ ಚೀಟಿಯನ್ನು ತಟ್ಟೆಗೆ ಹಾಕಿದೆ. ಅದು ಅಲ್ಲೇ ಬಿದ್ದಿತ್ತು. ಎತ್ತಿಕೊಳ್ಳಲು ಯಾರೂ ಇರಲಿಲ್ಲ.

"ಏಯ್, ಇದು ಮೋಸ ಗುರು! ಮೊದ್ಲು ಕೊಟ್ಟಿದ್ದನ್ನ ಮೊದ್ಲು ತರ್ಬೇಕು ತಾನೆ?" ಎಂದ ಗೆಳೆಯ.

"ಹಂಗಂತ ಯಾರ್ ಹೇಳ್ಯಾರ?" ಎಂದಳು ಆಕೆ. "ಹಳೇ ಚಿಪ್ಪು ಹಂಗ ತರ್ತದ. ನಾವು ಅದಕ್ಕ ರೂಢಿ ಆಗೀವಿ. ಹೊಸದು ಹಂಗ ತರ್ತೀನಂತ ಎಲ್ಲೂ ಮಾತು ಕೊಟ್ಟಿಲ್ಲ. ಅದರ ಕೈಪಿಡಿ ಪೂರ್ತಿ ಓದೀನಿ."

ಹಿರಿಯರು ಚಹಾ ಲೋಟ ಕೆಳಗಿಟ್ಟರು. "ಮತ್ತೆ ಆ ಪ್ರಿಂಟ್?"

"ಪ್ರಿಂಟ್ ಆಗಾಕ ಹೊತ್ತು ಹಿಡೀತದ್ರಿ ಸರ್. ಅಷ್ಟರಾಗ ಅಲಾರಂ ಚೀಟಿ ತಟ್ಟಿ ಮುಟ್ಟಿರ್ತದ, ಆಮ್ಯಾಲ ಎಬ್ಬಸೋ ಚೀಟಿ ಹೋಗ್ತದ."

ಮಧ್ಯಾಹ್ನದೊಳಗೆ ಆಕೆ ತಿದ್ದುಪಡಿ ಬರೆದಳು. ಎರಡು ಚೀಟಿಗಳ ನಡುವೆ ಒಂದು ತಡೆ: ಮೊದಲನೆಯದು ಮುಟ್ಟಿದ ಮೇಲೆಯೇ ಎರಡನೆಯದು ಹೊರಡಬೇಕು. ಎರಡೂ ಚಿಪ್ಪುಗಳಿಗೆ ಸೇರಿದ ಕೋಡಿನಲ್ಲಿ ಆ ತಡೆಗೆ ಒಂದೇ ಹೆಸರು. ಅದನ್ನು ಹೇಗೆ ಜಾರಿಗೆ ತರಬೇಕು ಎಂಬುದನ್ನು ಆಯಾ ಚಿಪ್ಪಿನ ಫೋಲ್ಡರಿನಲ್ಲಿ ಬೇರೆಬೇರೆಯಾಗಿ ಇಟ್ಟಳು.

"ಚೀಟಿ ಓದೋ ಪ್ರೊಸೆಸರ್ ಕಡೆನೂ ತಡೆ ಹಾಕಿದ್ದೀರಾ?" ಹಿರಿಯರು ಕೇಳಿದರು.

"ಹಾಕೀನ್ರಿ. ಆ ಕಡೀನೂ ಹಿಂದಮುಂದ ಓದ್ತದ ಹೊಸ ಚಿಪ್ಪು."

ಪ್ರಿಂಟ್ ಸಾಲನ್ನು ಗೆಳೆಯನೇ ಅಳಿಸಿದ. ಮರುದಿನವೆಲ್ಲ ಪರೀಕ್ಷೆಯಲ್ಲಿ ಅಲಾರಂ ಬಾರಿಸುತ್ತಲೇ ಇತ್ತು. ಒಮ್ಮೆಯೂ ತಪ್ಪಲಿಲ್ಲ. ಕೆಳಗಿನ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು, "ಏನ್ ಸಾರ್, ಮೇಲೆ ಯಾರ್ಗಾದ್ರೂ ಸೀರಿಯಸ್ಸಾ?" ಎಂದು ಕೇಳಿದರು. ನಗು ತಡೆಯಲು ಯಾರಿಂದಲೂ ಆಗಲಿಲ್ಲ.

ಶುಕ್ರವಾರ ಹಿರಿಯರು ತಾವು ಶುರು ಮಾಡಿದ್ದ ಬೇರೆ ಕಾಪಿಯನ್ನು ಎಲ್ಲರೆದುರೇ ಅಳಿಸಿದರು. ಆಮೇಲೆ ತಮ್ಮ ಕುರ್ಚಿಯನ್ನು ಆಕೆಯ ಮೇಜಿನ ಹತ್ತಿರ ಎಳೆದುಕೊಂಡರು.

"ಬೇರೆ ಎಲ್ಲೆಲ್ಲಿ ಹೀಗೆ ಚಿಪ್ಪು ಕ್ರಮ ತಪ್ಪಲ್ಲಾಂತ ಸುಮ್ನೆ ನಂಬ್ಕೊಂಡು ಕೂತಿದ್ದೀವೋ, ಹುಡುಕೋಣ ಬನ್ನಿ. ನೀವು ಹೇಳಿ, ನಾನು ನೋಡ್ತೀನಿ."

ಆಕೆ ಮೊದಲ ಫೈಲ್ ತೆರೆದಳು.