ಯಾವ ಹೊತ್ತಿನ ತಿಥಿ

"ಸತ್ತೋರು ಸೂರ್ಯ ಹುಟ್ಟೋ ಹೊತ್ತಿಗೆ ಊಟಕ್ಕೆ ಬರ್ತಾರೇನೋ? ನಿಮ್ಮಪ್ಪ ಬರೋದು ಮಧ್ಯಾಹ್ನದ ಎಲೆಗೆ."

ನನ್ನ ಗೆಳೆಯನ ಅಮ್ಮ ಈ ಮಾತನ್ನು ಹೇಳಿದ್ದು ಖಂಡಿತ. ಆದರೆ ಯಾವಾಗ ಹೇಳಿದರು, ಅವನು ನಮ್ಮ ಪಂಚಾಂಗದ ಕಂಪ್ಯೂಟರ್ ಪ್ರೋಗ್ರಾಂ ತಿದ್ದುವ ಮೊದಲೋ ಆಮೇಲೋ, ಎಂಬುದು ನನಗೆ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಆಕೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾರೆ. ಗೆಳೆಯನನ್ನು ಕೇಳಿದರೆ, ಅಮ್ಮ ನಡುಮನೆಯಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು ಎನ್ನುತ್ತಾನೆ. ಸೌಟಾದರೇನು, ಬತ್ತಿಯಾದರೇನು, ಅದರಿಂದ ನನಗೇನೂ ಆಗಬೇಕಿಲ್ಲ. ಮೊದಲೋ ಆಮೇಲೋ ಎಂಬುದು ಮಾತ್ರ ನನ್ನನ್ನು ಬಹಳ ವರ್ಷ ಕೆಣಕಿದೆ. ಅವನು ಬ್ಯಾಂಕಿನ ಕೆಲಸ ಬಿಟ್ಟದ್ದು ಆ ಸಂಜೆಯನ್ನು ನಂಬಿಕೊಂಡು.

ಅದು ತೊಂಬತ್ತರ ದಶಕದ ಕೊನೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸೇರಿ, ಅದನ್ನು ಅರ್ಧಕ್ಕೆ ಬಿಟ್ಟು, ದಿನವೂ ಶಂಕರಪುರದ ಅವನ ಮನೆಗೆ ಹೋಗಿ ಕೂರುತ್ತಿದ್ದೆ. ಅವನ ತಂದೆ ಬ್ಯಾಂಕಿನಲ್ಲಿದ್ದರು. ಸರ್ವಿಸಿನಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಮಗನಿಗೆ ಅಲ್ಲೇ ಕೆಲಸ ಸಿಕ್ಕಿತು. ಸಿಕ್ಕಿದ್ದು ಬೇರೆ ಶಾಖೆಯಲ್ಲಾದರೂ, ಮನೆಯಲ್ಲಿ ಅದಕ್ಕೆ "ಅಪ್ಪನ ಕುರ್ಚಿ" ಎಂದೇ ಹೆಸರು. ಅವನು ಸಂಬಳವಿಲ್ಲದ ರಜೆ ಹಾಕಿ, ಆ ಕುರ್ಚಿಯನ್ನು ಖಾಲಿ ಬಿಟ್ಟು, ನನ್ನ ಜೊತೆ ಪಂಚಾಂಗದ ಪ್ರೋಗ್ರಾಂ ಬರೆಯುತ್ತಿದ್ದ. ತಿಂಗಳ ಕೊನೆಗೆ ರಜೆ ಮುಗಿಯುತ್ತಿತ್ತು. ಅಷ್ಟರಲ್ಲಿ ವಾಪಸ್ಸು ಹೋಗಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು.

ಒಂದೇ ದೊಡ್ಡ ಪ್ರೋಗ್ರಾಂ ಬರೆಯುವುದು ಬೇಡ, ಬಿಡಿಭಾಗಗಳನ್ನು ಬರೆಯೋಣ ಎಂಬುದು ನನ್ನ ಹಟವಾಗಿತ್ತು. ಒಮ್ಮೆ ಮಾಡಿಟ್ಟ ಭಾಗ ನಾಳೆ ಯಾವ ಕೆಲಸಕ್ಕೆ ಬೇಕಾದರೂ ಒದಗಬೇಕು. ಮೊದಲನೆಯ ಭಾಗ ಊರು ಮತ್ತು ತಾರೀಖು ಕೊಟ್ಟರೆ ಸೂರ್ಯೋದಯ ಹೇಳುತ್ತಿತ್ತು. ಎರಡನೆಯದು ಯಾವುದೇ ಗಳಿಗೆ ಕೊಟ್ಟರೂ ಸೂರ್ಯಚಂದ್ರರ ನಡುವಿನ ಅಂತರ ಲೆಕ್ಕಹಾಕಿ ಆಗಿನ ತಿಥಿ ಹೇಳುತ್ತಿತ್ತು. ಮೂರನೆಯದು ಇವೆರಡನ್ನೂ ಜೋಡಿಸಿಕೊಂಡು 'ದಿನದ ತಿಥಿ' ಕೊಡುತ್ತಿತ್ತು, ಅಂದರೆ ಆ ದಿನ ಸೂರ್ಯ ಹುಟ್ಟುವಾಗ ಇರುವ ತಿಥಿ. ತನ್ನನ್ನು ಯಾರು ಕರೆದರು, ಯಾತಕ್ಕೆ ಕರೆದರು ಎಂಬುದು ಯಾವ ಭಾಗಕ್ಕೂ ಗೊತ್ತಿರಬಾರದು ಎಂದು ನಾನು ಪಾಠ ಹೇಳುತ್ತಿದ್ದೆ.

"ಒಗ್ಗರಣೆ ಡಬ್ಬಿ ಥರ ಅನ್ನು ಗುರು," ಎನ್ನುತ್ತಿದ್ದ ಗೆಳೆಯ. "ಸಾಸಿವೆಗೇನು ಗೊತ್ತು, ತಾನು ಸಾರಿಗೆ ಬೀಳ್ತೀನೋ ಪಲ್ಯಕ್ಕೆ ಬೀಳ್ತೀನೋ ಅಂತ."

ಮೊದಲು ಚಾಮರಾಜಪೇಟೆಯ ಒಬ್ಬ ಮುದ್ರಕರಿಗೆ ಗೋಡೆ ಕ್ಯಾಲೆಂಡರ್ ಮಾಡಿಕೊಟ್ಟೆವು. ಆಮೇಲೆ ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಗೆ. ಮದುವೆಯ ತಾರೀಖು ಒತ್ತಿದರೆ ಸಂವತ್ಸರ, ಮಾಸ, ಪಕ್ಷ, ತಿಥಿ ಸಮೇತ ಪತ್ರಿಕೆಯ ಸಾಲು ತಾನಾಗಿ ಮೂಡುತ್ತಿತ್ತು. ಕ್ಯಾಲೆಂಡರಿಗೆ ಬಳಸಿದ ಅವೇ ಮೂರು ಭಾಗ, ಒಂದಕ್ಷರ ಮುಟ್ಟಿರಲಿಲ್ಲ. ಅವತ್ತು ಅಂಗಡಿಯಿಂದ ಶಂಕರಪುರದವರೆಗೆ ನಾನು ನಡೆದೇ ಬಂದೆ. ಬಸ್ಸಿನಲ್ಲಿ ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಮೂರನೆಯ ಜೋಡಣೆಯೇ ವಾರ್ಷಿಕ ಶ್ರಾದ್ಧದ ದಿನ ಹುಡುಕುವುದು. ತೀರಿಕೊಂಡ ದಿನ ಹೇಳಿದರೆ ಆ ದಿನದ ತಿಥಿ ಹಿಡಿದು, ಈ ವರ್ಷ ಅದು ಯಾವತ್ತು ಬರುತ್ತದೆಂದು ತೋರಿಸಬೇಕು. ಸುತ್ತಮುತ್ತಲ ಬಡಾವಣೆಗಳಲ್ಲಿ ಇದು ಬೇಡದ ಮನೆಯೇ ಇಲ್ಲ ಎಂದು ನಾವು ಮಾತಾಡಿಕೊಳ್ಳುತ್ತಿದ್ದುದು ಗೆಳೆಯನ ಅಮ್ಮನ ಕಿವಿಗೆ ಬಿತ್ತು.

"ಹಾಗಾದ್ರೆ ನಿಮ್ಮಪ್ಪಂದೇ ಹೇಳಲಿ ನೋಡೋಣ," ಎಂದರು. "ಸರಿಯಾಗಿ ಹೇಳಿದ್ರೆ ಬ್ಯಾಂಕಿನ ಮಾತು ಇನ್ನು ನಾನು ಎತ್ತಲ್ಲ. ತಪ್ಪಿದ್ರೆ ಬಾಯಿ ಮುಚ್ಕೊಂಡು ವಾಪಸ್ ಹೋಗ್ತೀಯ. ಏನಂತೀಯ?"

"ಆಯ್ತಮ್ಮ," ಎಂದ ಅವನು. ಯೋಚಿಸಲೇ ಇಲ್ಲ. ನಾನೂ ಪಕ್ಕದಲ್ಲಿ ತಲೆಯಾಡಿಸಿದೆ. ದೇವರು ದಿಂಡರು ನನಗೆ ಸೇರದ ವಿಷಯ, ಆದರೆ ಚಂದ್ರನ ಲೆಕ್ಕದ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು.

ತಂದೆಯ ತಿಥಿ ಕಾರ್ತಿಕ ಬಹುಳ ನವಮಿ. ಯಂತ್ರ ಗುರುವಾರ ಎಂದಿತು.

ಅಮ್ಮ ಪರದೆ ನೋಡಿದರು. "ಶಾಸ್ತ್ರಿಗಳು ಬುಧವಾರ ಅಂದ್ರು," ಎಂದರು. ಆಗಲೇ ಫೋನ್ ಮಾಡಿ ಕೇಳಿಟ್ಟುಕೊಂಡಿದ್ದರು, ನಮಗೆ ಹೇಳಿರಲಿಲ್ಲ.

"ಗುರುವಾರ ಇನ್ಯಾರದೋ ಮನೆ ಒಪ್ಕೊಂಡಿರ್ತಾರೆ ಆಂಟಿ, ಅದಕ್ಕೆ ಬುಧವಾರ ಅಂದಿರ್ತಾರೆ," ಎಂದುಬಿಟ್ಟೆ. "ಗೋಡೆ ನೋಡಿ ಬೇಕಾದ್ರೆ. ಗುರುವಾರವೇ ನವಮಿ."

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ನವಮಿ ಗುರುವಾರದ ಮನೆಯಲ್ಲೇ ಇತ್ತು.

"ಇದನ್ನ ಮಾಡ್ಕೊಟ್ಟೋರು ಯಾರಪ್ಪ?"

ಅದು ನಾವೇ ಮಾಡಿಕೊಟ್ಟ ಕ್ಯಾಲೆಂಡರ್. ನಮ್ಮ ಮಾತಿಗೆ ನಮ್ಮದೇ ಸಾಕ್ಷಿ. ಗೆಳೆಯ ನನ್ನ ಕಡೆ ನೋಡಲಿಲ್ಲ. ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಎಲ್ಲೆಲ್ಲಿ ನಡೆದೆನೋ ನೆನಪಿಲ್ಲ. ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ಎರಡು ಸಲ ಹಾದುಹೋದದ್ದು ನೆನಪಿದೆ, ಯಾಕೆಂದರೆ ಎರಡನೆಯ ಸಲ ಒಬ್ಬಾಕೆ, "ಏನ್ಸಾರ್, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಳು. ಚಂದ್ರನ ಲೆಕ್ಕವನ್ನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದೆ. ತಪ್ಪು ಕಾಣಲಿಲ್ಲ. ತಪ್ಪು ಕಾಣದಿದ್ದದ್ದೇ ಹೆಚ್ಚು ದಿಗಿಲು ಹುಟ್ಟಿಸಿತು.

ಹಿಂತಿರುಗಿದಾಗ ಪರದೆಯ ಮೇಲೆ ಬುಧವಾರ ಇತ್ತು.

"ಏನ್ ಮಾಡ್ದೆ?"

"ಶ್ರಾದ್ಧ ಆದ್ರೆ ಸೂರ್ಯೋದಯ ಬೇಡ, ಮಧ್ಯಾಹ್ನದ ತಿಥಿ ತಗೋ ಅಂತ ಮೂರನೇದ್ರೊಳಗೆ ಒಂದು ಸಾಲು ಹಾಕ್ದೆ ಮಗಾ. ಬುಧವಾರ ಬೆಳಗ್ಗೆ ಅಷ್ಟಮಿ, ಆಮೇಲೆ ನವಮಿ ಶುರು. ಗುರುವಾರ ಮಧ್ಯಾಹ್ನಕ್ಕೆ ನವಮಿ ಮುಗಿದೇ ಹೋಗಿರತ್ತೆ."

ಆ ಹೊತ್ತಿಗೋ ಅದಕ್ಕೂ ಮೊದಲೋ ಅಮ್ಮ ಎಲೆಯ ಮಾತು ಆಡಿದರು. ನಾನು ಕೇಳಿದ್ದು ಮೊದಲ ಸಲವೋ, ನನಗಾಗಿ ಮತ್ತೆ ಹೇಳಿದರೋ. ನನ್ನ ಅನುಮಾನ ಹುಟ್ಟಿದ್ದು ಇಲ್ಲಿ. ಆಕೆ ಮೊದಲು ಹೇಳಿ, ಅದನ್ನು ಕೇಳಿ ಅವನು ತಿದ್ದಿದ್ದರೆ ಅದು ನಿಜವಾದ ದುರಸ್ತಿ. ಬ್ಯಾಂಕಿಗೆ ಹೆದರಿ, ಬುಧವಾರ ಬರುವವರೆಗೂ ಗಂಟೆಯನ್ನು ಹಿಂದೆಮುಂದೆ ಮಾಡಿ, ಬಂದ ಮೇಲೆ ಮಧ್ಯಾಹ್ನ ಎಂಬ ಕಾರಣ ಕೂಡಿಸಿದ್ದರೆ, ಬೇಕಾದ ಉತ್ತರವನ್ನು ಯಂತ್ರದ ಬಾಯಿಗೆ ತುರುಕಿದಂತೆ. ಅವನನ್ನು ಅಂದೇ ನೇರವಾಗಿ ಕೇಳಬಹುದಿತ್ತು. ಕೇಳುವ ಬದಲು ಬೇರೆ ಜಗಳ ತೆಗೆದೆ.

"ಶ್ರಾದ್ಧ ಅನ್ನೋ ಪದ ಆ ಭಾಗದೊಳಗೆ ಯಾಕೆ ಬಂತು? ನಾಳೆ ಸಂಕಷ್ಟಿ ಅಂತಾರೆ, ಅದಕ್ಕೆ ಚಂದ್ರ ಹುಟ್ಟೋ ಹೊತ್ತು ನೋಡ್ಬೇಕು. ಅದಕ್ಕೊಂದು ಸಾಲು ಹಾಕ್ತೀಯಾ?"

"ಲೋ, ನನ್ನ ಕೆಲಸ ಉಳ್ಕೊಳ್ಳತ್ತೋ ಇಲ್ವೋ ಅಂತ ನಾನಿದೀನಿ, ನಿನಗೆ ಪದದ ಚಿಂತೆ!"

"ಕೆಲಸ ಉಳಿಸ್ಕೊಳ್ಳೋಕೋ ಕಳ್ಕೊಳ್ಳೋಕೋ?" ಎಂದು ಅಮ್ಮ ನಡುವೆ ಬಾಯಿ ಹಾಕಿದರು. ಮೂವರೂ ನಕ್ಕೆವು. ಅವನ ನಗು ಮಾತ್ರ ಬೇಗ ನಿಂತಿತು.

ಕೊನೆಗೆ ಆ ಸಾಲನ್ನು ತೆಗೆದು, ಮೂರನೆಯ ಭಾಗದಿಂದ ಸೂರ್ಯೋದಯವನ್ನೇ ಹೊರಗೆಳೆದೆವು. ಇನ್ನು ಮೇಲೆ ಅದು ಕರೆದವರನ್ನು ಕೇಳಬೇಕು: ಯಾವ ಹೊತ್ತಿನ ತಿಥಿ ಬೇಕು? ಕ್ಯಾಲೆಂಡರ್ ಸೂರ್ಯೋದಯ ಎನ್ನುತ್ತದೆ. ಶ್ರಾದ್ಧದ ಜೋಡಣೆ ಮಧ್ಯಾಹ್ನ ಎನ್ನುತ್ತದೆ. ಆ ಭಾಗಕ್ಕೆ ಈಗಲೂ ಯಾರು, ಯಾತಕ್ಕೆ ಎಂಬುದು ಗೊತ್ತಿಲ್ಲ. ಹೊತ್ತು ಮಾತ್ರ ಗೊತ್ತು. ಇಷ್ಟು ದಿನ ಯಾವ ಊಹೆಯೂ ಇಲ್ಲದ ಭಾಗ ಎಂದು ನಾನು ಮೆರೆಸುತ್ತಿದ್ದುದರ ಹೊಟ್ಟೆಯೊಳಗೆ ಒಂದು ಸೂರ್ಯೋದಯ ಅಡಗಿ ಕೂತಿತ್ತು.

ಅಮ್ಮನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಹಿಂದಿನ ವರ್ಷಗಳನ್ನೂ ಕೇಳು ಎಂದರು. "ನಿಮ್ಮಕ್ಕನ ಮದುವೆ ಆದ ವರ್ಷ ಮಂಗಳವಾರ ಬಂದಿತ್ತು." ಯಂತ್ರ ಮಂಗಳವಾರ ಎಂದಿತು. "ಅದರ ಮುಂದಿನ ವರ್ಷ ಸೋಮವಾರ ಅಲ್ವಾ?" ಯಂತ್ರ ಭಾನುವಾರ ಎಂದಿತು. ಗೆಳೆಯ ಉಸಿರು ಹಿಡಿದ. ಅಮ್ಮ ಕಣ್ಣು ಕಿರಿದು ಮಾಡಿ ಯೋಚಿಸಿ, "ಇರಬಹುದು ಕಣೋ. ಅಳಿಯಂದಿರು ರಜೆ ಹಾಕ್ದೆ ಬಂದಿದ್ರು. ಭಾನುವಾರವೇ ಇರಬೇಕು," ಎಂದರು.

ಅವನು ಉಸಿರು ಬಿಟ್ಟ. ನನಗೆ ಆಗಲಿಲ್ಲ. ಯಂತ್ರವನ್ನು ಪರೀಕ್ಷಿಸಬೇಕಾದ ನೆನಪು ಯಂತ್ರ ಹೇಳಿದಂತೆ ಸರಿದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ಬುಧವಾರ ಕಳೀಲಿ," ಎಂದು ಅಮ್ಮ ಎದ್ದರು. "ಆಮೇಲೆ ಬ್ಯಾಂಕಿಗೆ ಏನು ಬರೀಬೇಕೋ ಬರ್ಕೋ. ನಾನಿನ್ನು ಕೇಳಲ್ಲ."

ಬುಧವಾರ ಕಳೆಯಿತು. ಬಾಳೆಕಾಯಿ ಪಲ್ಯ, ವಡೆ, ಎಳ್ಳುಂಡೆ ಎಲ್ಲವೂ ಆಯಿತಂತೆ. ನನ್ನನ್ನು ಸಂಜೆ ಬಾ ಎಂದಿದ್ದರು; ನಾನು ಹೋಗಲಿಲ್ಲ, ಊರೆಲ್ಲ ಸುತ್ತಿದೆ. ಆ ವಾರವೇ ಅವನು ರಾಜೀನಾಮೆ ಕೊಟ್ಟ. ಮತ್ತೆ ನಾಲ್ಕಾರು ವರ್ಷ ಆ ಬಿಡಿಭಾಗಗಳನ್ನು ಹೀಗೂ ಹಾಗೂ ಜೋಡಿಸಿ ಬದುಕಿದೆವು. ಅಂತರ್ಜಾಲದಲ್ಲಿ ಪಂಚಾಂಗ ಪುಕ್ಕಟೆ ಸಿಗತೊಡಗಿದಾಗ ನಾನು ಪಾಠ ಹೇಳಲು ಹೋದೆ. ಅವನು ಬೇರೆಯವರ ಪ್ರೋಗ್ರಾಂ ಬರೆಯಲು ಹೋದ. ಅಪ್ಪನ ಕುರ್ಚಿಯ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು. ಅದೇ ನನಗೆ ಚುಚ್ಚುತ್ತಿತ್ತು. ಆ ಮಾತನ್ನು ನಾವು ನ್ಯಾಯವಾಗಿ ಗೆದ್ದೆವೋ ಇಲ್ಲವೋ.

ಬಹಳ ಕಾಲದ ಮೇಲೆ ಒಮ್ಮೆ ಅವನನ್ನು ಕೇಳಿಯೇಬಿಟ್ಟೆ. "ಅಮ್ಮ ಹೇಳಿದ್ಮೇಲೆ ಹಾಕಿದ್ಯಾ, ಹಾಕಿದ್ಮೇಲೆ ಅಮ್ಮ ಹೇಳಿದ್ರಾ?"

"ನಾನೇ ಹಾಕ್ದೆ. ಅಮ್ಮ ಆಮೇಲೆ ಹೇಳಿದ್ದು," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲ, ಗೊತ್ತಿಲ್ಲ ಗುರು. ಅವತ್ತು ಏನೇನೋ ಹಾಕಿ ನೋಡ್ತಿದ್ದೆ," ಎಂದ.

ಮರುದಿನ ನಾನು ಬಸವನಗುಡಿಯ ಒಂದು ಹಳೆಯ ಗ್ರಂಥಾಲಯದಲ್ಲಿ ಆ ವರ್ಷದ ಮುದ್ರಿತ ಪಂಚಾಂಗ ತೆಗೆಸಿದೆ. ನಮ್ಮ ಪ್ರೋಗ್ರಾಮನ್ನು ಬಳಸಲಿಲ್ಲ. ಅದರ ಸಾಕ್ಷಿಗೆ ಎಷ್ಟು ಬೆಲೆಯೆಂದು ಗೋಡೆಯ ಕ್ಯಾಲೆಂಡರ್ ಕಲಿಸಿತ್ತು. ವರ್ಷದ ಬಗ್ಗೆ ಅನುಮಾನವಿರಲಿಲ್ಲ, ಅವನು ಕೆಲಸ ಬಿಟ್ಟ ವರ್ಷ. ಕಾರ್ತಿಕ ಬಹುಳದ ಪುಟ ತೆರೆದೆ. ಬುಧವಾರದ ಸಾಲಿನಲ್ಲಿ ಅಷ್ಟಮಿ, ಅದು ಮುಗಿಯುವುದು ಬೆಳಿಗ್ಗೆ. ಗುರುವಾರದ ಸಾಲಿನಲ್ಲಿ ನವಮಿ, ಅದು ಮುಗಿಯುವುದೂ ಬೆಳಿಗ್ಗೆಯೇ. ಅಮ್ಮ ಮೊದಲು ಹೇಳಿರಲಿ, ಆಮೇಲೆ ಹೇಳಿರಲಿ, ಆ ಬುಧವಾರ ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ನವಮಿಯೇ ಇತ್ತು.